ಮಲಗಿರೋ ಬಟ್ಟೆ ಉದ್ಯಮ ಎಬ್ಬಿಸೋದು ಹೇಗೆ: ಹೊಲಿಗೆಯಿಂದ ಶುರು ಮಾಡಿ, ಹತ್ತಿಯಿಂದ ಅಲ್ಲ

ಮಿಲ್ಲುಗಳು ಬಾಗಿಲು ಹಾಕಿ, ಮಷೀನು ತುಕ್ಕು ಹಿಡಿದು, ಕೆಲಸ ಗೊತ್ತಿದ್ದೋರೆಲ್ಲ ಬೇರೆ ದಾರಿ ನೋಡ್ಕೊಂಡ ಮೇಲೆ ಯಾವುದೋ ಒಂದು ಸರ್ಕಾರಕ್ಕೆ ಬಟ್ಟೆ ಉದ್ಯಮ ಮತ್ತೆ ಎಬ್ಬಿಸ್ಬೇಕು ಅಂತ ಹುಮ್ಮಸ್ಸು ಬರುತ್ತೆ. ಆಗ ಸಾಮಾನ್ಯವಾಗಿ ಮೊದಲು ಮಾಡೋದು ಹಳೇ ಸ್ಪಿನ್ನಿಂಗ್ ಮಿಲ್ಲಿಗೆ ಸಾಲ ಕೊಟ್ಟು ರಿಬ್ಬನ್ ಕಟ್ ಮಾಡೋದು. ನೈಜೀರಿಯಾದ ಕಡುನಾದಲ್ಲಿ ಇದೇ ಆಯ್ತು. 2007ರಲ್ಲಿ ಮುಚ್ಚಿದ್ದ ಯುನೈಟೆಡ್ ನೈಜೀರಿಯನ್ ಟೆಕ್ಸ್‌ಟೈಲ್ಸ್ ಮಿಲ್ಲು, ಸರ್ಕಾರ 100 ಬಿಲಿಯನ್ ನೈರಾ ಸಾಲದ ನಿಧಿ ಮಾಡಿದ ಮೇಲೆ 2010ರ ಕೊನೆಗೆ ಮತ್ತೆ ಬಾಗಿಲು ತೆಗೀತು, ಆದ್ರೆ ಆ ದೇಶದ ಬಟ್ಟೆ ಉದ್ಯಮ ಮಾತ್ರ ಹಳೇ ಸ್ಥಿತಿಗೆ ಬರ್ಲೇ ಇಲ್ಲ. ಯಾಕಂದ್ರೆ ಕೈ ಕೊಡೋ ಕರೆಂಟು, ಗಡಿ ದಾಟಿ ಕಳ್ಳದಾರೀಲಿ ಬರೋ ಅಗ್ಗದ ಬಟ್ಟೆ, ಇವು ಇದ್ದಲ್ಲೇ ಇದ್ವು. ಕಾಯಿಲೆ ಹಾಗೇ ಇಟ್ಕೊಂಡು ಸಾಲ ಕೊಟ್ರೆ ನೀರಲ್ಲಿ ಹೋಮ ಮಾಡಿದ ಹಾಗೆ.

ಹಾಗಾಗಿ ನಾನು ಹೇಳೋ ಮೊದಲನೇ ಹೆಜ್ಜೆ: ಸರಪಳಿನ ಕೊನೆಯಿಂದ ಹಿಡೀರಿ. ಹತ್ತಿ, ನೂಲು, ಬಟ್ಟೆ, ಡೈಯಿಂಗ್, ಆಮೇಲೆ ಹೊಲಿಗೆ, ಇದು ಪುಸ್ತಕದ ಕ್ರಮ. ಎಬ್ಬಿಸೋವಾಗ ಉಲ್ಟಾ ಹೋಗ್ಬೇಕು. ಸ್ಪಿನ್ನಿಂಗ್‌ಗೆ ಕೋಟಿಗಟ್ಟಲೆ ಬಂಡವಾಳ ಬೇಕು, ಕೆಲಸ ಸಿಗೋದು ಕಮ್ಮಿ ಜನಕ್ಕೆ, ಮೇಲಿಂದ 24 ಗಂಟೆ ಕರೆಂಟ್ ಬೇಕು. ಒಂದ್ಸಲ ಕರೆಂಟ್ ಹೋಗಿ ಬಂದ್ರೆ ರಿಂಗ್ ಫ್ರೇಮಿನಲ್ಲಿ, ಅಂದ್ರೆ ನೂಲು ತೆಗೆಯೋ ಮಷೀನಲ್ಲಿ, ಸಾಲು ಸಾಲಾಗಿ ಎಳೆ ಕಡ್ದು ಹೋಗಿರುತ್ತೆ, ಒಂದೊಂದೇ ಗಂಟು ಹಾಕ್ತಾ ಕೂತ್ಕೊಂಡ್ರೆ ಆ ಶಿಫ್ಟು ಅಲ್ಲಿಗೆ ಮುಗೀತು. ಹೊಲಿಗೆ ಲೈನ್ ಆದ್ರೆ ಜನರೇಟರ್ ಹಾಕೊಂಡಾದ್ರೂ ಓಡುತ್ತೆ, ಒಂದು ಶೆಡ್ಡಲ್ಲಿ ಸಾವಿರ ಜನಕ್ಕೆ ಕೆಲಸ ಆಗುತ್ತೆ. "ನಮ್ಮಲ್ಲೇ ಹತ್ತಿ ಬೆಳೆಯುತ್ತಲ್ಲ" ಅನ್ನೋ ವಾದ ಕೇಳೋಕೆ ಚೆನ್ನಾಗಿರುತ್ತೆ ಅಷ್ಟೇ. ಬಾಂಗ್ಲಾದೇಶದಲ್ಲಿ ಹತ್ತಿ ಬೆಳೆಯೋದು ಲೆಕ್ಕಕ್ಕೇ ಇಲ್ಲ ಅನ್ನೋಷ್ಟು ಕಮ್ಮಿ, ಆದ್ರೂ ಅದು ಪ್ರಪಂಚದ ದೊಡ್ಡ ಗಾರ್ಮೆಂಟ್ ರಫ್ತುದಾರರಲ್ಲಿ ಒಂದು. ಮಾಲಿ, ಬುರ್ಕಿನಾ ಫಾಸೊ ಕಡೆ ಹತ್ತಿ ಬೇಕಾದಷ್ಟು ಬೆಳೆಯುತ್ತೆ, ಅದರಲ್ಲಿ ಬಹುಪಾಲು ಹತ್ತಿಯಾಗೇ ಹಡಗು ಹತ್ತುತ್ತೆ.

ಎರಡನೇದು, ಯಾರಿಗೆ ಮಾರ್ತೀರಿ ಅಂತ ಮೊದಲೇ ತೀರ್ಮಾನ ಮಾಡಿ, ಇದು ಸುಂಕದ ಲೆಕ್ಕ. ಅಮೆರಿಕದಲ್ಲಿ ಕಾಟನ್ ಟೀ ಶರ್ಟ್ ಮೇಲಿನ ಮೂಲ ಸುಂಕ 16.5 ಪರ್ಸೆಂಟ್, ಅದೇ ಸಿಂಥೆಟಿಕ್ ಆದ್ರೆ 32 ಪರ್ಸೆಂಟ್. ಅಂದ್ರೆ ನಿಮ್ಮ ದೇಶಕ್ಕೆ ಸುಂಕ ರಿಯಾಯ್ತಿ ಇದ್ರೆ ಪಾಲಿಯೆಸ್ಟರ್ ಮಾಲಿನಲ್ಲಿ ಸಿಗೋ ಅನುಕೂಲ ಹತ್ತಿಗಿಂತ ಹೆಚ್ಚು. ಪ್ರಪಂಚದಲ್ಲಿ ತಯಾರಾಗೋ ನಾರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲಿಯೆಸ್ಟರೇ ಇರೋವಾಗ ಬರೀ ಹತ್ತಿ ಹತ್ತಿ ಅಂತ ಕೂರೋದ್ರಲ್ಲಿ ಅರ್ಥ ಇಲ್ಲ. ಆಮೇಲೆ ಮೂಲದ ನಿಯಮ, ಅಂದ್ರೆ ಮಾಲು ಯಾವ ದೇಶದ್ದು ಅಂತ ತೀರ್ಮಾನ ಮಾಡೋ ನಿಯಮ, ಓದಿ, ಸಣ್ಣಕ್ಷರದ್ದು, ಬೇಜಾರಾದ್ರೂ ಓದಿ. ಯುರೋಪ್ 2011ರಿಂದ ಅತಿ ಹಿಂದುಳಿದ ದೇಶಗಳಿಗೆ ಹೊರಗಿನ ಬಟ್ಟೆ ತಂದು ಹೊಲಿದು ಕಳಿಸಿದ್ರೂ ಸುಂಕ ಇಲ್ಲ ಅಂತ ಮಾಡ್ತು. ವಿಯೆಟ್ನಾಂ ಜೊತೆಗಿನ ಒಪ್ಪಂದದಲ್ಲಿ ಅದೇ ಯುರೋಪ್ ನೇಯ್ಗೆನೂ ಒಳಗೇ ಆಗ್ಬೇಕು ಅನ್ನುತ್ತೆ. ನಿಮಗೆ ಯಾವ ನಿಯಮ ಅನ್ನೋದರ ಮೇಲೆ ಯಾವ ಫ್ಯಾಕ್ಟರಿ ಬೇಕು ಅನ್ನೋದು ನಿರ್ಧಾರ ಆಗುತ್ತೆ.

ಈ ರಿಯಾಯ್ತಿನೇ ನಂಬ್ಕೊಂಡು ಪೂರ್ತಿ ಮನೆ ಕಟ್ಬೇಡಿ ಅನ್ನೋದೂ ಇಲ್ಲೇ ಹೇಳ್ಬಿಡ್ತೀನಿ. ಮಡಗಾಸ್ಕರ್‌ನಲ್ಲಿ 2009ರಲ್ಲಿ ಅಧಿಕಾರ ಕಿತ್ಕೊಳ್ಳೋ ಗಲಾಟೆ ಆಯ್ತು, 2010ಕ್ಕೆ ಆಫ್ರಿಕಾ ದೇಶಗಳ ಮಾಲಿಗೆ ಸುಂಕ ಬಿಡೋ ಅಮೆರಿಕದ ಆಗೋವಾ ಸೌಲಭ್ಯ ಹೋಯ್ತು, ವಾಪಸ್ ಬಂದಿದ್ದು 2014ರಲ್ಲಿ. ಇಥಿಯೋಪಿಯಾಗೆ ಯುದ್ಧದಿಂದಾಗಿ 2022ರ ಜನವರಿ 1ಕ್ಕೆ ಅದೇ ಗತಿ. ಕನಿಷ್ಠ ಎರಡು ಮಾರುಕಟ್ಟೆ ಇಟ್ಕೊಳ್ಳಿ.

ಮೂರನೇದು ಕಸ್ಟಮ್ಸ್. ಇದರ ಬಗ್ಗೆ ಯಾರೂ ಭಾಷಣ ಮಾಡಲ್ಲ, ಆದ್ರೆ ನನ್ನ ಪ್ರಕಾರ ಅರ್ಧ ಆಟ ಇಲ್ಲೇ ಇದೆ. ಬಾಂಗ್ಲಾದೇಶ 1980ರ ದಶಕದಲ್ಲಿ ಎರಡು ಕೆಲಸ ಮಾಡ್ತು. ಒಂದು ಬಾಂಡೆಡ್ ವೇರ್‌ಹೌಸ್: ರಫ್ತಿಗೆ ಅಂತ ತರಿಸೋ ಬಟ್ಟೆ, ಜಿಪ್ಪು, ಗುಂಡಿ ಯಾವುದಕ್ಕೂ ಬಂದರಿನಲ್ಲಿ ಸುಂಕ ಕಟ್ಟಬೇಕಾಗಿಲ್ಲ, ಸೀದಾ ಫ್ಯಾಕ್ಟರಿಯ ಬಾಂಡ್ ಗೋಡೌನಿಗೆ ಬರುತ್ತೆ, ರಿಜಿಸ್ಟರಲ್ಲಿ ಏರುತ್ತೆ, ಹೊಲಿದ ಉಡುಪಾಗಿ ದೇಶದ ಹೊರಗೆ ಹೋದಾಗ ಲೆಕ್ಕ ಇಳಿಯುತ್ತೆ. "ಮೊದಲು ಸುಂಕ ಕಟ್ಟಿ, ಆಮೇಲೆ ರಿಫಂಡ್ ಕೊಡ್ತೀವಿ" ಅನ್ನೋ ಪದ್ಧತಿ ಇಟ್ಟರೆ ರಿಫಂಡ್ ಬರೋ ಹೊತ್ತಿಗೆ ಸಣ್ಣ ಫ್ಯಾಕ್ಟರಿಯವನು ಮುಳುಗಿರ್ತಾನೆ. ಎರಡನೇದು ಬ್ಯಾಕ್ ಟು ಬ್ಯಾಕ್ ಎಲ್‌ಸಿ: ಎಲ್‌ಸಿ ಅಂದ್ರೆ ದುಡ್ಡು ಕೊಡ್ತೀವಿ ಅಂತ ಬ್ಯಾಂಕು ಕೊಡೋ ಖಾತ್ರಿ ಪತ್ರ. ಬಯರ್ ಕೊಟ್ಟ ರಫ್ತಿನ ಎಲ್‌ಸಿನೇ ಆಧಾರವಾಗಿಟ್ಕೊಂಡು ಬ್ಯಾಂಕು ಬಟ್ಟೆ ತರಿಸೋಕೆ ಇನ್ನೊಂದು ಎಲ್‌ಸಿ ತೆಗೆದುಕೊಡುತ್ತೆ, ಮಾಲು ಕಳಿಸಿ ದುಡ್ಡು ಬಂದಾಗ ಬಟ್ಟೆಯವನ ಬಾಕಿ ಮೊದಲು ಕಟ್ ಆಗುತ್ತೆ. ಕೈಯಲ್ಲಿ ಹೆಚ್ಚು ದುಡ್ಡಿಲ್ಲದವನೂ ದೊಡ್ಡ ಆರ್ಡರ್ ಹಿಡಿಯೋಕೆ ಆಗಿದ್ದು ಇದರಿಂದ. ಬಾಂಡ್ ಮಾಲು ಲೋಕಲ್ ಮಾರ್ಕೆಟ್‌ಗೆ ಸೋರೋದು ಇದ್ದೇ ಇದೆ, ಒಂದು ಪೀಸಿಗೆ ಎಷ್ಟು ಬಟ್ಟೆ ಬೇಕು ಅನ್ನೋ ಕನ್ಸಂಪ್ಷನ್ ಶೀಟ್ ನೋಡಿ ತಾಳೆ ಹಾಕೋ ಅಧಿಕಾರಿ ಬೇಕು, ಸೋರುತ್ತೆ ಅಂತ ಸ್ಕೀಮೇ ಮುಚ್ಚಬಾರದು.

ನಾಲ್ಕನೇದು ಕೆಲಸ ಕಲಿಸೋದು, ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ತಗೋತೀನಿ. 1970ರ ದಶಕದ ಕೊನೇಲಿ ದೇಶ್ ಗಾರ್ಮೆಂಟ್ಸ್ ಅನ್ನೋ ಬಾಂಗ್ಲಾ ಕಂಪನಿ ಕೊರಿಯಾದ ಡೇವೂ ಜೊತೆ ಒಪ್ಪಂದ ಮಾಡ್ಕೊಂಡು 130 ಜನರನ್ನ ಆರು ತಿಂಗಳು ಕೊರಿಯಾಗೆ ಟ್ರೈನಿಂಗಿಗೆ ಕಳಿಸ್ತು. ವಾಪಸ್ ಬಂದೋರಲ್ಲಿ ಬಹುಪಾಲು ಜನ ಮುಂದಿನ ಕೆಲವೇ ವರ್ಷದಲ್ಲಿ ಆ ಕಂಪನಿ ಬಿಟ್ಟು ಬೇರೆ ಫ್ಯಾಕ್ಟರಿ ಸೇರಿದ್ರು ಇಲ್ಲಾ ತಾವೇ ಶುರು ಮಾಡಿದ್ರು. ಕಂಪನಿಗೆ ನಷ್ಟ, ದೇಶಕ್ಕೆ ಲಾಭ. ಆದ್ದರಿಂದ ಟ್ರೈನಿಂಗ್ ಖರ್ಚಲ್ಲಿ ಸರ್ಕಾರ ಪಾಲು ಹಾಕ್ಬೇಕು, ಕಲಿತವನು ಓಡಿ ಹೋಗ್ತಾನೆ ಅನ್ನೋ ಭಯಕ್ಕೆ ಯಾವ ಓನರ್ರೂ ಒಬ್ಬನೇ ಕಲಿಸಲ್ಲ.

ಟೈಲರ್‌ಗಳಿಗೆ ಮಾತ್ರ ಕಲಿಸಿದ್ರೆ ಸಾಲಲ್ಲ, ಸೂಪರ್‌ವೈಸರ್‌ಗೆ ಕಲಿಸ್ಬೇಕು. ಒಂದು ಟೀ ಶರ್ಟ್ ಲೈನ್ ತಗೊಳ್ಳಿ: ಶೋಲ್ಡರ್ ಜಾಯಿಂಟು, ಕತ್ತಿಗೆ ರಿಬ್ ಪಟ್ಟಿ ಅಟ್ಯಾಚು, ತೋಳು, ಸೈಡ್ ಸೀಮು, ಕೆಳಗೆ ಫ್ಲಾಟ್‌ಲಾಕಲ್ಲಿ ಮಡಿಕೆ. 30 ಜನ, 8 ಗಂಟೆ, ಅಂದ್ರೆ 14,400 ನಿಮಿಷ. ಒಂದು ಪೀಸಿಗೆ 8 ನಿಮಿಷದ ಕೆಲಸ ಅಂತ ಇಟ್ಕೊಂಡ್ರೆ ನೂರಕ್ಕೆ ನೂರು ನಡೆದ್ರೆ 1,800 ಪೀಸು. ಹೊಸ ಲೈನಲ್ಲಿ 35 ಪರ್ಸೆಂಟ್ ಎಫಿಶಿಯೆನ್ಸಿ ಬಂತು ಅಂದ್ಕೊಳ್ಳಿ, 630 ಪೀಸು. 60ಕ್ಕೆ ಏರಿಸಿದ್ರೆ 1,080. ಅದೇ ಜನ, ಅದೇ ಮಷೀನು, ಅದೇ ಸಂಬಳ. ವ್ಯತ್ಯಾಸ ಎಲ್ಲಿ ಹೋಗುತ್ತೆ ಅಂತ ನೋಡ್ಬೇಕಂದ್ರೆ ಲೈನ್ ಪಕ್ಕ ಒಂದು ಗಂಟೆ ಸುಮ್ನೆ ನಿಂತ್ಕೊಳ್ಳಿ. ರಿಬ್ ಅಟ್ಯಾಚ್ ಮಾಡೋ ಹುಡುಗಿ ಮುಂದೆ ಬಂಡಲ್ ಗುಡ್ಡೆ ಬಿದ್ದಿರುತ್ತೆ, ಅವಳ ಮುಂದಿನ ಮೂರು ಜನ ಕೈಕಟ್ಟಿ ಕೂತಿರ್ತಾರೆ, ಸೂಪರ್‌ವೈಸರ್ ಬಂದು ಅವಳಿಗೇ ಬೈತಾನೆ. ಅವಳು ನಿಧಾನ ಅಲ್ಲ, ಆ ಆಪರೇಷನ್‌ಗೆ ಎರಡು ಮಷೀನ್ ಬೇಕಿತ್ತು, ಒಂದು ಹಾಕಿದ್ದಾರೆ. ವಾಚ್ ಹಿಡಿದು ಒಂದೊಂದು ಆಪರೇಷನ್‌ಗೆ ಎಷ್ಟು ಸೆಕೆಂಡು ಅಂತ ಬರ್ಕೊಂಡು ಲೈನ್ ಬ್ಯಾಲೆನ್ಸ್ ಮಾಡೋಕೆ ಬರೋ ಮನುಷ್ಯ ಇಲ್ಲದಿದ್ರೆ ಎಷ್ಟು ಸಬ್ಸಿಡಿ ಸುರಿದ್ರೂ ಅಷ್ಟೇ. ಇಂಥೋರನ್ನ ಹೊರಗಿನಿಂದ ಕರೆಸಿ ಮೊದಲ ಎರಡು ಮೂರು ವರ್ಷ ಇಟ್ಕೊಳ್ಳಿ, ವೀಸಾ ಕೊಡೋದ್ರಲ್ಲಿ ಸತಾಯಿಸ್ಬೇಡಿ.

ಕೂಲಿ ಅಗ್ಗ ಅನ್ನೋದನ್ನೇ ಬೋರ್ಡ್ ಹಾಕೊಂಡು ಕರೆಯೋ ದೇಶಗಳಿಗೆ ಇಥಿಯೋಪಿಯಾದ ಹವಾಸ್ಸಾ ನೋಡಿ ಅಂತೀನಿ. 2016ರಲ್ಲಿ ಉದ್ಘಾಟನೆ ಆದ ಪಾರ್ಕು, ಕಟ್ಟಡ ಚಂದ, ನೀರು ಶುದ್ಧ ಮಾಡೋ ವ್ಯವಸ್ಥೆ ಚಂದ, ಶುರುವಿನ ಸಂಬಳ ಮಾತ್ರ ತಿಂಗಳಿಗೆ ಸುಮಾರು 26 ಡಾಲರ್. ಹಳ್ಳಿಯಿಂದ ಬಂದ ಹೆಣ್ಮಕ್ಕಳಿಗೆ ಅದರಲ್ಲಿ ರೂಮ್ ಬಾಡಿಗೆ ಕಟ್ಟಿ ಊಟ ಮಾಡೋಕೆ ಆಗ್ಲಿಲ್ಲ, ಕೆಲಸ ಕಲಿಯೋ ಹೊತ್ತಿಗೆ ಬಿಟ್ಟು ಹೋಗ್ತಿದ್ರು, ಹಾಗಾಗಿ ಎಫಿಶಿಯೆನ್ಸಿ ಏಳ್ಲೇ ಇಲ್ಲ. ಫ್ಯಾಕ್ಟರಿ ಪ್ಲಾನ್ ಮಾಡೋವಾಗ್ಲೇ ಹಾಸ್ಟೆಲ್ಲು, ಬಸ್ಸು, ಮಕ್ಕಳನ್ನ ಬಿಡೋ ಜಾಗ ಸೇರಿಸಿ.

ಬಿಲ್ಡಿಂಗ್ ವಿಷಯದಲ್ಲಿ ರಾಜಿನೇ ಬೇಡ. 2013ರ ಏಪ್ರಿಲ್ 24ಕ್ಕೆ ಬಾಂಗ್ಲಾದೇಶದಲ್ಲಿ ಗಾರ್ಮೆಂಟ್ ಫ್ಯಾಕ್ಟರಿಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು, ಕೆಳಗಿದ್ದ ಬ್ಯಾಂಕಿನವರು ಖಾಲಿ ಮಾಡಿದ್ರು, ಗಾರ್ಮೆಂಟ್ಸ್‌ನವರನ್ನ ಮಾತ್ರ ಬೆಳಿಗ್ಗೆ ಒಳಗೆ ಕಳಿಸಿದ್ರು. ಶಿಪ್‌ಮೆಂಟ್ ಲೇಟಾದ್ರೂ ಪರವಾಗಿಲ್ಲ ಅಂತ ಬೀಗ ಹಾಕ್ಸೋ ಅಧಿಕಾರ ಇರೋ ಇನ್‌ಸ್ಪೆಕ್ಟರ್ ಬೇಕು. ಅವನ ಸಂಬಳ ಓನರ್ ಜೇಬಿಂದ ಬರಬಾರದು.

ಇನ್ನು ಹೊರದೇಶದ ಸೆಕೆಂಡ್ ಹ್ಯಾಂಡ್ ಬಟ್ಟೆ. ನಿಲ್ಲಿಸಿದ್ರೆ ಲೋಕಲ್ ಬಟ್ಟೆ ತಾನಾಗೇ ಓಡುತ್ತೆ ಅಂತ ತುಂಬಾ ಜನ ನಂಬಿದ್ದಾರೆ. ರುವಾಂಡಾ 2016ರಲ್ಲಿ ಕೆಜಿಗೆ 20 ಸೆಂಟ್ ಇದ್ದ ಸುಂಕನ ಎರಡೂವರೆ ಡಾಲರ್‌ಗೆ ಏರಿಸ್ತು, ಅದೇ ಕಾರಣಕ್ಕೆ 2018ರಲ್ಲಿ ಅಮೆರಿಕ ರುವಾಂಡಾದ ಗಾರ್ಮೆಂಟ್ ಮೇಲಿನ ಸುಂಕ ರಿಯಾಯ್ತಿ ನಿಲ್ಲಿಸ್ತು. ನಿಮಗೆ ಅಮೆರಿಕದ ಆರ್ಡರ್ ದೊಡ್ಡದಾಗಿದ್ರೆ ಯೋಚನೆ ಮಾಡಿ. ಲೋಕಲ್ ಬೇಡಿಕೆಗೆ ಇದಕ್ಕಿಂತ ಸುಲಭದ ದಾರಿ ಸರ್ಕಾರಿ ಖರೀದಿ: ಶಾಲೆ, ಪೊಲೀಸು, ಆಸ್ಪತ್ರೆ ಯೂನಿಫಾರ್ಮ್ ಆರ್ಡರ್ ಒಳಗಿನ ಫ್ಯಾಕ್ಟರಿಗೆ ಕೊಡಿ, ಬಿಲ್ ಮಾತ್ರ ಟೈಮಿಗೆ ಪಾಸ್ ಮಾಡಿ.

ಹೊಲಿಗೆ ಗಟ್ಟಿ ನಿಂತ್ಮೇಲೆ ಹಿಂದಕ್ಕೆ ಹೋಗೋದು. ಒಂದೇ ಬಗೆಯ ಬಟ್ಟೆನ ಹತ್ತಾರು ಫ್ಯಾಕ್ಟರಿ ತಿಂಗಳು ತಿಂಗಳು ತರಿಸ್ತಾ ಇದ್ದಾವೆ ಅಂತ ಕಸ್ಟಮ್ಸ್ ಲೆಕ್ಕದಲ್ಲಿ ಕಂಡಾಗ ಆ ಬಟ್ಟೆಯಿಂದ್ಲೇ ಶುರು ಮಾಡಿ. ನಿಟ್ಟಿಂಗ್ ಮೊದಲು, ಮಷೀನ್ ಖರ್ಚು ಕಮ್ಮಿ, ನೂಲು ತರಿಸಿದ್ರೆ ನಡೆಯುತ್ತೆ. ಡೈಯಿಂಗ್ ಬರೋವಾಗ ಹುಷಾರು, ಹತ್ತಿಗೆ ರಿಯಾಕ್ಟಿವ್ ಬಣ್ಣ ಹಿಡಿಸೋಕೆ ಉಪ್ಪು ರಾಶಿ ರಾಶಿ ಬೇಕು, ಆ ಉಪ್ಪು ನೀರು ಹೊಲಕ್ಕೆ ನುಗ್ಗಿದ್ರೆ ರೈತರ ಜೊತೆ ಕೋರ್ಟು ಕಚೇರಿ ಗ್ಯಾರಂಟಿ. ಡೈಯಿಂಗ್ ಯೂನಿಟ್‌ಗಳನ್ನ ಊರೆಲ್ಲ ಚೆಲ್ಲಾಡೋಕೆ ಬಿಡದೆ ಒಂದೇ ಜಾಗದಲ್ಲಿ ಇಟ್ಟು ಎಲ್ಲರಿಗೂ ಒಂದೇ ಟ್ರೀಟ್‌ಮೆಂಟ್ ಪ್ಲಾಂಟ್ ಹಾಕಿ. ಪ್ಲಾಂಟ್ ಓಡಿಸೋ ಕರೆಂಟ್ ಖರ್ಚು ಉಳಿಸೋಕೆ ರಾತ್ರಿ ಹೊತ್ತು ಬೈಪಾಸ್ ಪೈಪ್ ತೆಗೆಯೋ ಚಾಳಿ ಇರುತ್ತೆ, ಅದಕ್ಕೆ ಪ್ಲಾಂಟಿಗೇ ಅಂತ ಬೇರೆ ಕರೆಂಟ್ ಮೀಟರ್ ಹಾಕ್ಸಿ, ಯೂನಿಟ್‌ಗಳು ಎಳೆದ ನೀರಿನ ರೀಡಿಂಗ್ ಜೊತೆ ತಿಂಗಳಿಗೊಮ್ಮೆ ತಾಳೆ ನೋಡಿ. ನೀರು ಏರಿ ಪ್ಲಾಂಟಿನ ಕರೆಂಟ್ ಇಳಿದಿದ್ರೆ ಅವತ್ತೇ ಹೋಗಿ ಪೈಪ್ ಹುಡುಕಿ.