97ಕ್ಕೆ ನಿಂತ ಪಾದರಸ

ಬೆಂಗಳೂರಿನ ಮಾಗಡಿ ರಸ್ತೆ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಟೀಚರ್. ಒಂಬತ್ತನೇ ತರಗತಿಯಲ್ಲಿ 52 ಮಕ್ಕಳು. ಗಾರ್ಮೆಂಟ್ಸ್‌ಗೆ ಹೋಗುವ ಅಮ್ಮಂದಿರ ಮಕ್ಕಳು, ಕಟ್ಟಡ ಕೆಲಸಕ್ಕೆಂದು ರಾಯಚೂರು, ಯಾದಗಿರಿ ಕಡೆಯಿಂದ ಬಂದವರ ಮಕ್ಕಳು. ಮನೆಯಲ್ಲಿ ತೆಲುಗು, ಉರ್ದು, ತಮಿಳು ಆಡುವವರೂ ಇದ್ದಾರೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಡೆದದ್ದನ್ನು ಮೊದಲು ಹೇಳಬೇಕು. ದ್ರವ್ಯದ ಪಾಠಕ್ಕೆಂದು ಬೀಕರಿನಲ್ಲಿ ನೀರು ಕುದಿಸಿ ತೋರಿಸುತ್ತಿದ್ದೆ. ಮುಂದಿನ ಬೆಂಚಿನ ಹುಡುಗಿಯನ್ನು ಕರೆದು ಥರ್ಮಾಮೀಟರ್ ಓದಿಸಿದೆ. "97 ಮಿಸ್" ಎಂದಳು. "ಅದು ಹಳೇದು ಕಣಮ್ಮ, 100 ಅಂತ ಬರ್ಕೊಳ್ಳಿ ಎಲ್ಲಾರೂ" ಎಂದೆ. ಎಲ್ಲರೂ ಬರೆದರು. ಅವಳೂ ಬರೆದಳು. ಬೆಂಗಳೂರು ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ 97ರ ಹತ್ತಿರ ಎಂದು ಸಂಜೆ ಬಸ್ಸಿನಲ್ಲಿ ಹೊಳೆಯಿತು. ಮರುದಿನ ತಿದ್ದಿ ಹೇಳಬಹುದಿತ್ತು. ಪಾಠ ಮುಂದಕ್ಕೆ ಹೋಗಿತ್ತು, ಹೇಳಲಿಲ್ಲ. ಕಣ್ಣಾರೆ ಕಂಡದ್ದನ್ನು ಒಂದು ಮಗುವಿನ ಕೈಯಿಂದಲೇ ಅಳಿಸಿಹಾಕಿದೆನಲ್ಲ ಎಂಬ ನೋವು ಇವತ್ತಿಗೂ ಇದೆ.

ಯಾಕೆ ಹಾಗೆ ಮಾಡಿದೆ ಎಂದು ನನ್ನ ಪಾಠ ಟಿಪ್ಪಣಿ ತೆಗೆದು ನೋಡಿದ್ದು ತುಂಬಾ ದಿನಗಳಾದ ಮೇಲೆ. ಐದು ಹಂತದ ನಮೂನೆಯನ್ನು ನಾನು ಅಚ್ಚುಕಟ್ಟಾಗಿ ತುಂಬಿದ್ದೆ: ತೊಡಗಿಸಿಕೊಳ್ಳುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ. ಒಂದು ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ "ನಾನು", ಬಲಕ್ಕೆ "ಮಕ್ಕಳು" ಎಂದು ಬರೆದು ಆ ಟಿಪ್ಪಣಿಯನ್ನೇ ಬಿಡಿಸಿ ನೋಡಿದೆ. ಎಡಗಡೆ ತುಂಬಿ ತುಳುಕಿತು. ಬಲಗಡೆ ಇದ್ದದ್ದು ಎರಡೇ ಮಾತು: ಕೇಳುತ್ತಾರೆ, ಬರೆದುಕೊಳ್ಳುತ್ತಾರೆ. ಅಂಥ ಟಿಪ್ಪಣಿಯಲ್ಲಿ 97ಕ್ಕೆ ಜಾಗ ಎಲ್ಲಿಂದ ಬರಬೇಕು?

ಅಂದಿನಿಂದ ಬಲಗಡೆಯನ್ನು ಮೊದಲು ಬರೆಯುತ್ತೇನೆ. ಪ್ರತಿ ಐದ್ಹತ್ತು ನಿಮಿಷಕ್ಕೆ ಮಕ್ಕಳ ಕೈ ಏನು ಮಾಡುತ್ತಿರುತ್ತದೆ, ಯಾರ ಜೊತೆ ಏನು ಮಾತಾಡುತ್ತಿರುತ್ತಾರೆ ಎಂಬುದಷ್ಟೇ. ಅದಾದ ಮೇಲೆ ಉಳಿದ ಜಾಗದಲ್ಲಿ ನನ್ನ ಮಾತು. ಕುದಿಯುವ ನೀರಿನ ಪಾಠ ಈಗ ಹೇಗೆ ನಡೆಯುತ್ತದೆ ಎಂದು ಹೇಳುತ್ತೇನೆ.

ನಮ್ಮ ಪೀರಿಯಡ್ 40 ನಿಮಿಷ. ಸ್ಪಿರಿಟ್ ಲ್ಯಾಂಪಿನ ಮೇಲೆ ತಣ್ಣೀರಿಟ್ಟರೆ ಅದು ಕಾಯುವಷ್ಟರಲ್ಲಿ ಹಿಂದಿನ ಬೆಂಚಿನಲ್ಲಿ ಗಲಾಟೆ ಶುರು. ಅದಕ್ಕೇ ಫ್ಲಾಸ್ಕಿನಲ್ಲಿ ಬಿಸಿನೀರು ತಂದು 60 ಡಿಗ್ರಿಯ ಆಸುಪಾಸಿನಿಂದ ಆರಂಭಿಸುತ್ತೇನೆ. ಇಷ್ಟು ಸಣ್ಣ ವಿಷಯ ಕಲಿಯಲು ನನಗೆ ಎರಡು ವರ್ಷ ಬೇಕಾಯಿತು.

ದೀಪ ಹಚ್ಚುವ ಮೊದಲು ಒಂದೇ ಪ್ರಶ್ನೆ: "ನೀರು ಕುದಿಯೋಕೆ ಶುರುವಾದ ಮೇಲೂ ಉರಿ ಹಾಗೇ ಇದ್ದರೆ ಪಾದರಸ ಏರುತ್ತಾ, ನಿಲ್ಲುತ್ತಾ?" ಪ್ರತಿಯೊಬ್ಬರೂ ಉತ್ತರವನ್ನು ಚೀಟಿಯಲ್ಲಿ ಬರೆದು ಮಡಚಿ ಇಟ್ಟುಕೊಳ್ಳಬೇಕು. ಬಾಯಲ್ಲಿ ಕೇಳಿದರೆ ಜಾಣರಿಬ್ಬರು ಕೂಗಿ ಮುಗಿಸಿಬಿಡುತ್ತಾರೆ, ಉಳಿದ ಐವತ್ತು ಮಂದಿ ಅವರ ಹಿಂದೆ ಅಡಗಿಕೊಳ್ಳುತ್ತಾರೆ. ಬರೆದವರಿಗೆ ತಮ್ಮ ಉತ್ತರ ಏನಾಯಿತು ಎಂದು ನೋಡುವ ಹಟ ಬರುತ್ತದೆ. ಹೆಚ್ಚಿನವರು "ಏರುತ್ತೆ" ಎಂದೇ ಬರೆಯುತ್ತಾರೆ.

ಇರುವುದು ಮೂರು ಥರ್ಮಾಮೀಟರ್. ಹಾಗಾಗಿ ಮೂರು ಗುಂಪು, ಉರಿ ಮೂರೂ ನನ್ನ ಮೇಜಿನ ಮೇಲೇ. ಗುಂಪಿನಿಂದ ಒಬ್ಬರು ಬಂದು ಓದುತ್ತಾರೆ, ಒಬ್ಬರು ನಿಮಿಷ ಕೂಗುತ್ತಾರೆ, ಇನ್ನೊಬ್ಬರು ಗುಳ್ಳೆ ಎಲ್ಲಿಂದ ಏಳುತ್ತಿದೆ ಎಂದು ಜೋರಾಗಿ ಹೇಳುತ್ತಾರೆ. ಉಳಿದವರೆಲ್ಲ ನಕ್ಷೆ ಹಾಳೆಯಲ್ಲಿ ಚುಕ್ಕೆ ಇಡುತ್ತಾರೆ. ಮೂರು ನಿಮಿಷಕ್ಕೊಮ್ಮೆ ಓದುವವರು ಬದಲು. ಗುಂಪಿಗೊಬ್ಬ ಲೀಡರ್ ಎಂದು ಮೊದಲು ಮಾಡಿದ್ದೆ. ಎಲ್ಲ ಕೆಲಸ ಅವನೇ ಮಾಡಿ ಮಿಕ್ಕವರು ನೋಡುತ್ತ ಕೂತರು. ಲೀಡರ್‌ಗಿರಿ ಕೈಬಿಟ್ಟ ಮೇಲೆ ಗುಂಪು ನಿಜವಾದ ಗುಂಪಾಯಿತು.

ಕಳೆದ ಸಲ ರಾಯಚೂರಿನ ಹುಡುಗನೊಬ್ಬ ಗಾಜಿಗೆ ಕಣ್ಣು ನೆಟ್ಟು ನಿಂತಿದ್ದ. "ಮಿಸ್, ನೀರ್ ಕುದಿಯಾಕತ್ತೈತ್ರಿ, ಇದು ಮ್ಯಾಲ ಏರವಲ್ದು!" ಅಷ್ಟು ದಿನ ಬಾಯಿ ಬಿಡದ ಹುಡುಗ. ಮೂರೂ ಗುಂಪಿನಲ್ಲಿ ಗೆರೆ ಅಡ್ಡಲಾಯಿತು, 97ರ ಆಸುಪಾಸಿನಲ್ಲಿ. ಪುಸ್ತಕದಲ್ಲಿ 100. "ಯಾವುದು ಸರಿ?" ಎಂದು ಕೇಳಿ ಸುಮ್ಮನಾದೆ.

ಈ ಸುಮ್ಮನಿರುವುದೇ ನನಗೆ ಅತಿ ಕಷ್ಟವಾದ ಪಾಠ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಯ ಧ್ವನಿಮುದ್ರಣಗಳನ್ನು ಕೇಳಿ, ಪ್ರಶ್ನೆ ಕೇಳಿದ ಶಿಕ್ಷಕರು ಸುಮಾರು 1 ಸೆಕೆಂಡಷ್ಟೇ ಕಾಯುತ್ತಾರೆ ಎಂದು ತೋರಿಸಿದರು. 3 ಸೆಕೆಂಡು ಅಥವಾ ಹೆಚ್ಚು ಕಾದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವ ಮಕ್ಕಳೂ ಮಾತಾಡುತ್ತಾರೆ. ನಾನು ಬೆನ್ನ ಹಿಂದೆ ಕೈಕಟ್ಟಿ ಮನಸ್ಸಿನಲ್ಲೇ ಐದರವರೆಗೆ ಎಣಿಸುತ್ತೇನೆ. ಆಮೇಲೆ ಪಕ್ಕದವರ ಜೊತೆ ಎರಡು ನಿಮಿಷ ಮಾತು, ಯಾವ ಭಾಷೆಯಲ್ಲಾದರೂ ಸರಿ. ತರಗತಿಗೆ ಹೇಳುವಾಗ ಕನ್ನಡ. ಉರ್ದುವಿನಲ್ಲಿ ಒಮ್ಮೆ ಹೇಳಿಕೊಂಡ ಮಗುವಿಗೆ ಕನ್ನಡದಲ್ಲಿ ಹೇಳುವ ಧೈರ್ಯ ಬರುವುದನ್ನು ಎಷ್ಟೋ ಸಲ ನೋಡಿದ್ದೇನೆ.

"ಥರ್ಮಾಮೀಟರ್ ಸರಿಯಿಲ್ಲ ಮಿಸ್" ಎಂದಳು ಒಬ್ಬಳು. ನಾನು ಅಂದು ಹೇಳಿದ್ದೇ ಮಾತು. "ಹೌದಾ? ಹೇಗೆ ನೋಡೋಣ?" ಎಂದೆ. ಕರಗುತ್ತಿರುವ ಐಸ್‌ನಲ್ಲಿಟ್ಟರೆ 0 ತೋರಿಸಬೇಕಲ್ಲವೇ ಎಂಬಲ್ಲಿಗೆ ಅವರೇ ಬಂದರು. ಮರುದಿನ ಜ್ಯೂಸ್ ಅಂಗಡಿಯಿಂದ ಐಸ್ ಬಂತು. ಮೂರೂ 0 ತೋರಿಸಿದವು. ಆಗ ಮಾತ್ರ ಎತ್ತರದ ಮಾತು ತೆಗೆದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಮೇಲಿದೆ. ಮೇಲೇರಿದಂತೆ ಗಾಳಿಯ ಒತ್ತಡ ಕಡಿಮೆ. ಸುಮಾರು 300 ಮೀಟರಿಗೆ 1 ಡಿಗ್ರಿಯಂತೆ ಕುದಿಬಿಂದು ಇಳಿಯುತ್ತದೆ. ನಮ್ಮ ನಲ್ಲಿಗೆ ಬರುವ ಕಾವೇರಿಯನ್ನೂ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಪಂಪು ಮಾಡಿ ಮೇಲಕ್ಕೆತ್ತಿಯೇ ತರುತ್ತಾರೆ ಎಂದಾಗ ನಾವಿರುವ ಎತ್ತರ ಅವರಿಗೆ ಕಣ್ಣಿಗೆ ಕಟ್ಟಿತು. ಲೆಕ್ಕ ಹಾಕಿದ್ದು ಮಕ್ಕಳು. ಮಂಗಳೂರಿನಲ್ಲಿ 100, ಸುಮಾರು 400 ಮೀಟರಿನ ರಾಯಚೂರಿನಲ್ಲಿ 98ಕ್ಕಿಂತ ಮೇಲೆ. ತನ್ನೂರಿನ ಅಂಕಿ ಬೋರ್ಡಿನ ಮೇಲೆ ಬಂದಾಗ ಆ ಹುಡುಗನ ಮುಖ ಅರಳಿತು.

ಎರಡು ಪೀರಿಯಡ್ ಹೋಯಿತು, ನಿಜ. ಪೋರ್ಷನ್ ಮುಗಿಸುವ ಒತ್ತಡ ನನಗೂ ಇದೆ. ಎಲ್ಲ ಪಾಠವನ್ನೂ ಹೀಗೆ ಮಾಡಲಾಗುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಧಾತುಗಳ ಸಂಕೇತಗಳನ್ನು ನೇರವಾಗಿ ಹೇಳಿಕೊಟ್ಟು ಅಭ್ಯಾಸ ಮಾಡಿಸುತ್ತೇನೆ. ಅಲ್ಲಿ ಕಂಡುಹಿಡಿಯುವುದೇನೂ ಇರುವುದಿಲ್ಲ. ಘಟಕಕ್ಕೊಂದು ಇಂಥ ಪ್ರಶ್ನೆ ಸಿಕ್ಕರೆ ಮಿಕ್ಕ ಪಾಠಗಳಿಗೂ ಅದರ ಬಿಸಿ ತಾಕುತ್ತದೆ.

ಕೊನೆಯ ನಾಲ್ಕು ನಿಮಿಷ ಮಾತ್ರ ಯಾವ ಪಾಠದಲ್ಲೂ ಬಿಡುವುದಿಲ್ಲ. ಅರ್ಧ ಹಾಳೆಯಲ್ಲಿ ಒಂದು ಸಾಲು: ಇವತ್ತು ಏನು ಗೊತ್ತಾಯಿತು, ಅಥವಾ ಏನು ಗೊತ್ತಾಗಲಿಲ್ಲ. ಹೆಸರು ಬೇಡ, ಅಂಕವಿಲ್ಲ. ಆ 52 ಚೀಟಿಗಳನ್ನು ಬಸ್ಸಿನಲ್ಲಿ ಓದುತ್ತೇನೆ, ನಾಳೆಯ ಹಾಳೆಯ ಬಲಗಡೆ ಶುರುವಾಗುವುದು ಅಲ್ಲಿಂದಲೇ. ಆ ದಿನ ಒಂದರಲ್ಲಿ ಹೀಗಿತ್ತು: "ಹಂಗಾದ್ರೆ ನಮ್ಮಮ್ಮ ಊರಲ್ಲಿ ಪಾತ್ರೇಲೇ ಬೇಳೆ ಬೇಯಿಸ್ತಿದ್ರು, ಇಲ್ಲಿ ಕುಕ್ಕರ್ ಬೇಕು ಅಂತಾರೆ, ಅದಕ್ಕೇನಾ?"