ಬಳೆ ಹಿಡಿದು ಬೂದಿಬಂಡೆ ಹತ್ತುವುದು ಹೇಗೆ?

ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ ‘ಹೋಲ್ ಇನ್ ದ ವಾಲ್’ ಎಂಬ ಜಾಗವಿದೆ. ಸುಮಾರು 1.8 ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿ ಉಗುಳಿದ ಬೂದಿಯೇ ಗಟ್ಟಿಯಾಗಿ ಇಲ್ಲಿ ಬಂಡೆಯಾಗಿದೆ. ಬೂದಿಯೊಳಗೆ ಸಿಕ್ಕಿಬಿದ್ದ ಅನಿಲ ಉಳಿಸಿದ ಗುಳಿಗಳನ್ನು ಗಾಳಿ, ಮಳೆ ಕೊರೆದು ಹಿರಿದು ಮಾಡಿವೆ. ಹಾಗಾಗಿ ಗೋಡೆಯ ತುಂಬ ಗೂಡುಗಳೇ ಗೂಡುಗಳು. ಇದನ್ನು ಸುತ್ತುವ ರಿಂಗ್ಸ್ ಲೂಪ್ ದಾರಿ ಬರೀ 2.4 ಕಿ.ಮೀ. ಇಷ್ಟೇ ತಾನೆ ಎಂದು ಹೊರಟವರು, ಬಂಡೆಗೆ ಬಿಗಿದ ಲೋಹದ ಬಳೆ ಹಿಡಿದು ಹತ್ತುವ ಕೊನೆಯ ಏರಿನಲ್ಲಿ ಪೇಚಿಗೆ ಸಿಲುಕುತ್ತಾರೆ.

ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಹೋಗಿ. ಜಾಗ 1,300 ಮೀಟರಿಗೂ ಎತ್ತರದಲ್ಲಿರುವುದರಿಂದ ಚಳಿಗಾಲದಲ್ಲಿ ಜರ್ಕಿನ್ ಬೇಕೇ ಬೇಕು. ತಲೆಗೆ ದಿನಕ್ಕೆ 4 ಲೀಟರ್ ನೀರು. ಈ ಜಾಗವಿರುವ ಮೊಹಾವಿ ಸಂರಕ್ಷಿತ ಪ್ರದೇಶದೊಳಗೆ ಪೆಟ್ರೋಲ್ ಬಂಕ್ ಇಲ್ಲ. ಮೊದಲೇ ಟ್ಯಾಂಕ್ ತುಂಬಿಸಿ. ಐ–40 ಹೆದ್ದಾರಿಯಿಂದ ಎಸೆಕ್ಸ್ ರಸ್ತೆಯಲ್ಲಿ 16 ಕಿ.ಮೀ., ಬ್ಲ್ಯಾಕ್ ಕ್ಯಾನ್ಯನ್ ರಸ್ತೆಯಲ್ಲಿ ಮತ್ತೆ ಅಷ್ಟೇ ದೂರ. ಮೊಬೈಲ್ ಸಿಗ್ನಲ್ ನಂಬಬೇಡಿ, ನಕ್ಷೆ ಇಳಿಸಿಟ್ಟುಕೊಳ್ಳಿ.

ಮಾಹಿತಿ ಕೇಂದ್ರದ ಬಳಿಯಿಂದಲೇ ನಡಿಗೆ ಶುರು ಮಾಡಿ. ಪಿಕ್ನಿಕ್ ಜಾಗದಿಂದ ನೇರ ಕಮರಿಗೆ ಇಳಿಯುವ ಅಡ್ಡದಾರಿಯೂ ಇದೆ, ಆದರೆ ಹೊಸಬರಿಗೆ ಅದು ಬೇಡ. ಇಳಿಯುವಾಗ ಕಾಲಿಡುವ ಜಾಗ ಕಾಣುವುದಿಲ್ಲ. ಸುತ್ತಿ ಬಂದರೆ ಅದೇ ಜಾಗವನ್ನು ಹತ್ತುತ್ತೀರಿ, ಹಿಡಿತ ಕಣ್ಣೆದುರೇ ಇರುತ್ತದೆ.

ಸ್ವಲ್ಪ ನಡೆದರೆ ಹಳೆಯ ಕಲ್ಲುಗೀರು ಚಿತ್ರಗಳು ಸಿಗುತ್ತವೆ. ಮುಟ್ಟಬೇಡಿ, ಕೈಯ ಜಿಡ್ಡು ಅವುಗಳನ್ನು ಹಾಳುಮಾಡುತ್ತದೆ. ದಾರಿಬದಿಯ ಚೋಯಾ ಕಳ್ಳಿಯ ತುಂಡು ಬಟ್ಟೆಗೆ ಅಂಟಿದರೆ ಬೆರಳು ಹಾಕಬೇಡಿ. ಬಾಚಣಿಗೆಯನ್ನು ಅಡಿಗೆ ತೂರಿಸಿ ಹಾರಿಸಿ. ಬಂಡೆಯ ಗೂಡುಗಳಿಗೆ ನೋಡದೆ ಕೈ ಹಾಕಬೇಡಿ, ವಿಷದ ಬುಡುಬುಡಿಕೆ ಹಾವು (ರ್ಯಾಟಲ್‌ಸ್ನೇಕ್) ಇರಬಹುದು.

ಈಗ ಬ್ಯಾನ್ಶಿ ಕಮರಿ. ಗೋಡೆಗಳು ಹತ್ತಿರವಾಗುತ್ತ ಬಂದು ಕೊನೆಗೆ ಒಬ್ಬರಷ್ಟೇ ತೂರುವ ಸಂದಿ. ಬಂಡೆಗೆ ಬೋಲ್ಟ್ ಹಾಕಿ ಲೋಹದ ಬಳೆಗಳನ್ನು ಜೋಡಿಸಿದ್ದಾರೆ, ದಾರಿಯ ಎರಡು ಜಾಗಗಳಲ್ಲಿ. ಹತ್ತುವ ಮುನ್ನ ಬೂಟಿನ ಅಡಿಯನ್ನು ಪ್ಯಾಂಟಿಗೆ ಒರೆಸಿಕೊಳ್ಳಿ. ಅಂಟಿದ ಮರಳು ಕಲ್ಲಿನ ಮೇಲೆ ಗೋಲಿಯಂತೆ ಉರುಳಿ ಕಾಲು ಜಾರಿಸುತ್ತದೆ. ಬೆನ್ನಚೀಲ ಬಿಚ್ಚಿ ಮೇಲಿನವರಿಗೆ ಕೊಡಿ, ಇಲ್ಲದಿದ್ದರೆ ಹಿಂದಿನ ಗೋಡೆಗೆ ಸಿಕ್ಕಿಕೊಂಡು ಮುಂದಕ್ಕೆ ನೂಕುತ್ತದೆ. ಬಳೆ ತೂಗಾಡುತ್ತದೆ, ಒಮ್ಮೆಲೇ ಜಗ್ಗಿದರೆ ಮೈ ಪಕ್ಕಕ್ಕೆ ತಿರುಗುತ್ತದೆ. ಮೊದಲು ನಿಧಾನಕ್ಕೆ ಕೆಳಕ್ಕೆಳೆದು ಬಿಗಿ ಮಾಡಿ, ಆಮೇಲೆ ಭಾರ ಹಾಕಿ. ತೋಳಿನಿಂದ ಮೈ ಎತ್ತಲು ಹೋಗುವುದೇ ಎಲ್ಲರೂ ಮಾಡುವ ತಪ್ಪು. ಎರಡನೇ ಬಳೆಗೇ ಕೈ ಸೋಲುತ್ತದೆ. ಬಳೆ ಆಸರೆಗಷ್ಟೇ, ಏರುವುದು ಕಾಲಿನಿಂದ. ಕಲ್ಲಿನ ಅಂಚಿಗೆ ಬೂಟಿನ ತುದಿ ಊರಿ, ಬೇಕಾದರೆ ಬೆನ್ನನ್ನು ಹಿಂದಿನ ಗೋಡೆಗೆ ಒತ್ತಿ ದಮ್ಮು ತೆಗೆದುಕೊಳ್ಳಿ. ಎರಡು ಕೈ, ಎರಡು ಕಾಲಿನಲ್ಲಿ ಯಾವಾಗಲೂ ಮೂರು ಊರಿರಲಿ. ಮೇಲಿನವರು ಪೂರ್ತಿ ದಾಟುವವರೆಗೆ ಕೆಳಗೆ ನಿಲ್ಲಬೇಡಿ.

ಉಣ್ಣೆಯ ಕೈಗವಸು ಲೋಹದ ಮೇಲೆ ಜಾರುತ್ತದೆ, ಬರಿಗೈಯೇ ವಾಸಿ. ಹವಾಯಿ ಚಪ್ಪಲಿಯಲ್ಲಿ ಬಂದವರು ಇಲ್ಲಿಂದ ಹಿಂದಿರುಗುವುದು ಲೇಸು. ಬಂಡೆ ಒದ್ದೆಯಿದ್ದರೆ, ಮಳೆಮೋಡ ಕಂಡರೆ ಕಮರಿಯೊಳಗೆ ಕಾಲೇ ಇಡಬೇಡಿ. ನೀರು ನುಗ್ಗುವುದು ಇದೇ ಸಂದಿಯಲ್ಲಿ.

ಮೇಲೆ ಬಂದರೆ ಪಿಕ್ನಿಕ್ ಜಾಗ. ಅಲ್ಲಿಂದ ರಸ್ತೆಗುಂಟ ನಡೆದರೆ ನಿಮ್ಮ ಕಾರು.