ಮಳೆಗಾಲದ ಮನೆಯಲ್ಲಿ ಅವ್ವನ ನೋವು: ಮಾರ್ಫಿನ್, ಮಲಬದ್ಧತೆ, ಹಾಸಿಗೆ

ಗುಣವಾಗದ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಅವ್ವನನ್ನು ಮಡಿಕೇರಿ ಹತ್ತಿರದ ನಮ್ಮ ಮನೆಯಲ್ಲೇ ನೋಡಿಕೊಂಡೆವು. ಮೈಸೂರು ಸುಮಾರು 120 ಕಿಲೋಮೀಟರ್. ಮರ ಬಿದ್ದೋ ಬರೆ ಕುಸಿದೋ ದಾರಿ ಕಟ್ಟಿದರೆ ಆವತ್ತು ಆಸ್ಪತ್ರೆ ಇಲ್ಲ ಎಂದೇ ಲೆಕ್ಕ. ಆದ್ದರಿಂದ ಮಳೆ ಹಿಡಿಯುವ ಮೊದಲೇ ಡಾಕ್ಟರ ಹತ್ತಿರ ಮಾತಾಡಿ ಮಾತ್ರೆ ಸಾಕಷ್ಟು ತಂದಿಟ್ಟುಕೊಳ್ಳಬೇಕು. ಇಂಥ ನೋವಿಗೆ ಕೊಡುವ ಬಲವಾದ ಮದ್ದು ಮಾರ್ಫಿನ್, ಅದು ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುವುದಿಲ್ಲ.

ಮಾಮೂಲಿ ಮಾರ್ಫಿನ್ ಮಾತ್ರೆ ಕೆಲಸ ಮಾಡುವುದು ಸುಮಾರು ನಾಲ್ಕು ಗಂಟೆ. ಡಾಕ್ಟರು ಬರೆದುಕೊಟ್ಟ ಹೊತ್ತು ಇದು: ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ನಡುರಾತ್ರಿ ಎಬ್ಬಿಸಬಾರದೆಂದು ರಾತ್ರಿ 10ರ ಡೋಸು ಎರಡು ಪಟ್ಟು. ‘ನೋವು ಬಂದಾಗ ಕೊಟ್ಟರಾಯ್ತು’ ಎನ್ನುವುದೇ ಎಲ್ಲರೂ ಮಾಡುವ ತಪ್ಪು. ನೋವು ಏರಿದ ಮೇಲೆ ಕೊಟ್ಟರೆ ಮಾತ್ರೆ ಹಿಡಿಯಲು ಅರ್ಧ ಗಂಟೆಯಾದರೂ ಬೇಕು, ಅಷ್ಟು ಹೊತ್ತೂ ಅವರು ಹಲ್ಲು ಕಚ್ಚಿಕೊಂಡು ಮಲಗಿರುತ್ತಾರೆ. ನಡುವೆ ನೋವು ಎದ್ದರೆ ಕೊಡಲು ಒಂದು ಹೆಚ್ಚುವರಿ ಡೋಸನ್ನೂ ಮೊದಲೇ ಬರೆಸಿಕೊಳ್ಳಿ. ದಿನಕ್ಕೆ ಮೂರು ಸಲ ಅದು ಬೇಕಾದರೆ ಹೊತ್ತಿನ ಡೋಸೇ ಸಾಲುತ್ತಿಲ್ಲ ಎಂದರ್ಥ. ಡಾಕ್ಟರಿಗೆ ಫೋನ್ ಮಾಡಬೇಕು, ನಾವೇ ಏರಿಸಬಾರದು.

ಇದನ್ನೆಲ್ಲ ಬರೆದಿಡಲು ಇನ್ನೂರು ಪುಟದ ನೋಟ್‌ಬುಕ್ ಒಂದು ಸಾಕು. ಗಂಟೆ, ಡೋಸು, ನೋವು ಹತ್ತರಲ್ಲಿ ಎಷ್ಟು, ಮಲವಿಸರ್ಜನೆ ಆಯಿತೇ. ರಾತ್ರಿ ಅಣ್ಣನೋ ಅತ್ತಿಗೆಯೋ ಕೂರುವಾಗ ‘ಕೊಟ್ಟಿದ್ದೇನಾ?’ ಎಂಬ ಗೊಂದಲ ಬಾರದು.

ಮೊದಲ ಎರಡು ಮೂರು ದಿನ ತೂಕಡಿಕೆ, ವಾಕರಿಕೆ ಇರುತ್ತದೆ. ವಾಕರಿಕೆಗೆ ಮಾತ್ರೆ ಕೇಳಿ ಇಟ್ಟುಕೊಳ್ಳಿ. ಅದು ಇಳಿಯುತ್ತದೆ. ಮಲಬದ್ಧತೆ ಮಾತ್ರ ಇಳಿಯುವುದಿಲ್ಲ. ಮಾರ್ಫಿನ್ ಶುರುವಾದ ದಿನವೇ ಮಲ ಹೋಗಿಸುವ ಬೈಸಕೋಡಿಲ್‌ನಂಥ ಮಾತ್ರೆಯೂ ಶುರುವಾಗಬೇಕು. ಇಸಬಗೋಲು ಬೇಡ: ನೀರು ಕಡಿಮೆ ಕುಡಿಯುವವರ ಹೊಟ್ಟೆಯಲ್ಲಿ ಅದು ಉಬ್ಬಿ ಗಟ್ಟಿಯಾಗಿ ಕೂರುತ್ತದೆ. ನಾಲ್ಕು ದಿನ ಏನೂ ಇಲ್ಲದೆ ಆಮೇಲೆ ನೀರಾಗಿ ಸೋರಿದರೆ ಭೇದಿ ಎಂದು ತಿಳಿದು ಮಲಬದ್ಧತೆಯ ಮಾತ್ರೆ ನಿಲ್ಲಿಸಬೇಡಿ. ಗಟ್ಟಿ ಮಲದ ಪಕ್ಕದಿಂದ ನೀರು ಜಾರುತ್ತಿರಬಹುದು. ನರ್ಸನ್ನು ಕರೆಸಿ ಪರೀಕ್ಷೆ ಮಾಡಿಸಿ.

ಚಟ ಹಿಡಿಯುತ್ತದೆ ಎಂದು ಹೇಳುವ ಬಂಧುಗಳು ಬಂದೇ ಬರುತ್ತಾರೆ. ಡಾಕ್ಟರ ಅಳತೆಯಲ್ಲಿ ನೋವಿಗೆ ಕೊಡುವ ಮಾರ್ಫಿನ್ ಚಟವಾಗುವುದು ಅಪರೂಪ. ನಾವು ನಿಜವಾಗಿ ಹೆದರಬೇಕಾದದ್ದು ಬೇರೆ: ಮೂತ್ರ ತೀರಾ ಕಡಿಮೆಯಾಗಿ ಮಂಪರು ಹೆಚ್ಚಿದರೆ ಮೂತ್ರಪಿಂಡದಿಂದ ಮದ್ದು ಹೊರಹೋಗುತ್ತಿಲ್ಲ ಎಂದಿರಬಹುದು. ಎಬ್ಬಿಸಿದರೂ ಏಳದೆ ಉಸಿರು ತೀರಾ ನಿಧಾನವಾದರೆ ಮುಂದಿನ ಡೋಸು ಕೊಡದೆ ತಕ್ಷಣ ಫೋನ್ ಮಾಡಿ.

ಮಲಗಿದಲ್ಲೇ ಇರುವವರಿಗೆ ಮೈ ಹುಣ್ಣಾಗದಿರಲೆಂದು ಹಾಕುವ ಗಾಳಿ ಹಾಸಿಗೆಯನ್ನು ನಂಬಿ ಕೂರಬೇಡಿ. ಕರೆಂಟ್ ಹೋದರೆ ಅದು ಮೆತ್ತಗೆ ಇಳಿದು ಮಂಚದ ಹಲಗೆ ತಾಗುತ್ತದೆ. ಅದರ ಕೆಳಗೆ ದಪ್ಪ ಫೋಮ್ ಇರಲಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ತಪ್ಪದಿರಲಿ. ಹಳೆಯ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಸೊಂಟದ ಕೆಳಗೆ ಹಾಸಿ, ಆಚೆ ಈಚೆ ಇಬ್ಬರು ಹಿಡಿದು ಎತ್ತಿ ಸರಿಸಬೇಕು, ಎಳೆಯಬಾರದು. ಎಳೆದರೆ ವಯಸ್ಸಾದವರ ಚರ್ಮ ಕಿತ್ತು ಬರುತ್ತದೆ. ಸೊಂಟದ ಮೂಳೆ, ಹಿಮ್ಮಡಿ ಕೆಂಪಗಾಗಿದ್ದರೆ ಬೆರಳಿನಿಂದ ಒತ್ತಿ ನೋಡಿ. ಒತ್ತಿದಲ್ಲಿ ಬಿಳುಚಿ ಮತ್ತೆ ಕೆಂಪಾದರೆ ಸರಿ. ಒತ್ತಿದರೂ ಕೆಂಪಾಗಿಯೇ ಉಳಿದರೆ ಹುಣ್ಣು ಶುರುವಾಗಿದೆ. ಆ ಭಾಗದ ಮೇಲೆ ಇನ್ನು ಭಾರ ಬೀಳಬಾರದು, ಉಜ್ಜಲೂ ಬಾರದು. ನಡುವೆ ತೂತಿರುವ ರಬ್ಬರ್ ಉಂಗುರ ಬೇಡ, ಅದು ಸುತ್ತಲ ರಕ್ತಸಂಚಾರವನ್ನೇ ತಡೆಯುತ್ತದೆ. ಹಿಮ್ಮಡಿಗೆ ಮೀನಖಂಡದ ಕೆಳಗೆ ದಿಂಬಿಟ್ಟರೆ ಸಾಕು.

ಜುಲೈನಲ್ಲಿ ಬಟ್ಟೆ ಒಣಗುವುದಿಲ್ಲ. ಹಸಿ ಹಾಸಿಗೆಯಿಂದ ಹುಣ್ಣು ಬೇಗ ಬರುತ್ತದೆ. ಎಂಟು ಹತ್ತಿ ಬಟ್ಟೆ ಇಟ್ಟುಕೊಂಡು ಅಡಿಗೆಮನೆ ಒಲೆಯ ಮೇಲಿನ ಹಗ್ಗದಲ್ಲಿ ಸರದಿಯಂತೆ ಒಣಗಿಸಿದೆವು. ಚಳಿಯೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಡಬೇಡಿ. ಅದರ ವಿಷಗಾಳಿಗೆ ವಾಸನೆಯಿಲ್ಲ.

ಊಟ ಬೇಡವೆಂದರೆ ಒತ್ತಾಯಿಸಬಾರದು. ಎರಡು ಚಮಚ ಗಂಜಿ, ಇಷ್ಟವಿದ್ದರೆ ಒಂದು ಗುಟುಕು ಕಾಫಿ. ಒಂದು ಲೋಟ ನೀರಿಗೆ ಅರ್ಧ ಚಮಚ ಅಡಿಗೆ ಸೋಡಾ ಹಾಕಿ, ಬೆರಳಿಗೆ ಸುತ್ತಿದ ಹತ್ತಿ ಬಟ್ಟೆ ಅದ್ದಿ ದಿನಕ್ಕೆ ನಾಲ್ಕು ಸಲ ಬಾಯಿ ಒರೆಸಿ. ಕೊನೆಯಲ್ಲಿ ನುಂಗಲಾಗದಿದ್ದರೆ ಚರ್ಮದಡಿ ಸಣ್ಣ ಸೂಜಿಯಿಂದಲೂ ಮಾರ್ಫಿನ್ ಕೊಡಬಹುದು. ಅದನ್ನು ಕೊಡಲು ಯಾರು ಬರುತ್ತಾರೆ, ಯಾವ ನಂಬರಿಗೆ ಕರೆಯಬೇಕು ಎಂಬುದು ನುಂಗಲು ಆಗುತ್ತಿರುವಾಗಲೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿರಲಿ. ಎಲ್ಲ ಮುಗಿದ ಮೇಲೆ ಉಳಿದ ಮಾರ್ಫಿನ್ ಮಾತ್ರೆಗಳನ್ನು ಎಣಿಸಿ, ಕೊಟ್ಟ ಆಸ್ಪತ್ರೆಗೇ ಹಿಂತಿರುಗಿಸಬೇಕು.